ಹೊಸ್ತಿಲ ಮೇಲಿನ ಅರ್ಧ ಗಂಟೆ

ನಾನು ಮೊಬೈಲ್ ತೆಗೆದದ್ದೇ ತಡ, ಬೆಟಗೇರಿಯ ಶಂಕ್ರವ್ವ ಮಗ್ಗ ನಿಲ್ಲಿಸಿ ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದರು. ನನಗೆ ಬೇಕಿದ್ದದ್ದು ಅವರ ಫೋಟೋ ಅಲ್ಲ, ದನಿ.

ಅನ್ವಯಿಕ ಭಾಷಾವಿಜ್ಞಾನದ ಎಂ.ಎ. ಕೊನೆಯ ವರ್ಷ ನನ್ನದು. (ಅದನ್ನು ಓದಿದರೆ ಏನಾಗುತ್ತಾರೆ ಎಂದು ಕೇಳಬೇಡಿ. ಓಣಿಯವರೆಲ್ಲ ಕೇಳಿಯಾಗಿದೆ.) ನೇಕಾರರ ಮನೆಯ ಸಹಜ ಮಾತುಕತೆ ಅರ್ಧ ಗಂಟೆ ರೆಕಾರ್ಡ್ ಮಾಡಿ ಸೋಮವಾರ ಕೊಡಬೇಕು. ಇಲ್ಲದಿದ್ದರೆ ಪ್ರಬಂಧಕ್ಕೆ ಗೈಡ್ ಸಹಿ ಇಲ್ಲ. ಅಂದು ಶನಿವಾರ. ಶಂಕ್ರವ್ವ ಅಮ್ಮನ ಗೆಳತಿ, ಮಾತಿನ ಮಲ್ಲಿ. ಇನ್ನೇನು ಬೇಕು?

ರೆಕಾರ್ಡರ್ ಒತ್ತಿದೆ. ಅವರು ಗಂಟಲು ಸರಿಮಾಡಿಕೊಂಡು, "ಆತ್ಮೀಯ ಬಂಧುಗಳೇ, ನೇಕಾರಿಕೆಯು ನಮ್ಮ ಪೂರ್ವಜರ ಕೊಡುಗೆಯಾಗಿದೆ" ಎಂದರು.

"ಚಿಗವ್ವ, ದಿನಾ ಮಾತಾಡಿದಂಗ ಮಾತಾಡ್ರಿ."

"ಯೂನಿವರ್ಸಿಟಿಯವರ ಮುಂದ ಹಂಗ ಮಾತಾಡಾಕ ಬರ್ತೈತೇನು? ನಮಗೂ ಮರ್ಯಾದಿ ಐತಿ."

ಇಪ್ಪತ್ತು ನಿಮಿಷ ಭಾಷಣವೇ ನಡೆಯಿತು. ಸೋತು, ಮೊಬೈಲನ್ನು ಬ್ಯಾಗಿಗೆ ಹಾಕಿ, "ಬರ್ತೇನ್ರಿ" ಎಂದು ಎದ್ದೆ.

ನಮ್ಮ ಕಡೆ "ಬರ್ತೇನಿ" ಎಂದ ಮೇಲೆ ಹೊಸ್ತಿಲು ದಾಟಲು ಅರ್ಧ ಗಂಟೆ ಬೇಕು. ಕುಳಿತಾಗ ಬಾರದ ಮಾತೆಲ್ಲ ಆಗಲೇ ಬರುವುದು.

"ಅಲ್ಲಲೇ, ಆ ಮುಂಡರಗಿ ಮಾಸ್ತರಗ ಏನಂದಿ?" ಎಂದರು ಶಂಕ್ರವ್ವ. ಹಿಂದಿನ ವಾರ ನನ್ನನ್ನು ನೋಡಲು ಬಂದಿದ್ದ ವರ.

ಪಕ್ಕದ ಮನೆಯ ಮಾಬೂಬಿ ಕಾಂಪೌಂಡಿನಿಂದಲೇ ಸೇರಿಕೊಂಡರು. "ಅಂವಾ ಬಾಯಿನ ಬಿಚ್ಚಲಿಲ್ಲಂತ?"

"ಇಕೀನೂ ಬಿಚ್ಚಲಿಲ್ಲ! ಇಬ್ಬರೂ ಕೂಡಿ ಒಂದು ತಾಟು ಉಪ್ಪಿಟ್ಟು ಖಾಲಿ ಮಾಡಿ ಎದ್ದಾರ."

"ಮಾತಿನ ಮ್ಯಾಲೆ ಎಂ.ಎ. ಮಾಡಾಕಿ, ಹುಡುಗನ ಮುಂದ ಮೂಕಿ!"

ನಾನು ಚಪ್ಪಲಿ ಹುಡುಕುತ್ತಿದ್ದೆ.

ಮನೆಗೆ ಬಂದು ನೋಡಿದರೆ ರೆಕಾರ್ಡರ್ ನಿಲ್ಲಿಸಿರಲೇ ಇಲ್ಲ. ಹೊಸ್ತಿಲ ಮೇಲಿನದೇ ಮೂವತ್ತನಾಲ್ಕು ನಿಮಿಷ! ಇದಕ್ಕಿಂತ ಸಹಜವಾದ ಡೇಟಾ ಎಲ್ಲಿ ಸಿಗಬೇಕು? ಆದರೆ ಹೇಳದೆ ರೆಕಾರ್ಡ್ ಮಾಡಿದ್ದನ್ನು ಬಳಸುವಂತಿಲ್ಲ. ಇಬ್ಬರ ಒಪ್ಪಿಗೆ, ಸಹಿ ಬೇಕು.

ಭಾನುವಾರ ಮತ್ತೆ ಹೋಗಿ ತಪ್ಪೊಪ್ಪಿಕೊಂಡು ಕೇಳಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಶಂಕ್ರವ್ವ ಒಪ್ಪಿಗೆ ಪತ್ರ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು.

"ಎಲ್ಲಾ ಐತಿ, ನಿನ್ನ ಉತ್ತರಾನ ಇಲ್ಲಲ್ಲ ಇದರಾಗ? ಹೂಂ ಅಂತೀಯೋ, ಊಂಹೂಂ ಅಂತೀಯೋ? ಹೇಳು, ಸಹಿ ತಗೋ."

ಮಾಬೂಬಿ ನನ್ನ ಮೊಬೈಲ್ ಮುಂದೆ ಹಿಡಿದರು. "ರೆಕಾರ್ಡ್ ಹಚ್ಚವಾ. ನಾಳೆ ಬದಲಿ ಮಾಡಬಾರದು."

ಎರಡು ವರ್ಷದ ಓದು ಒಂದು ಅಕ್ಷರದ ಮೇಲೆ ನಿಂತಿತ್ತು. (ಪ್ರಬಂಧಕ್ಕಾಗಿ ಮಾತ್ರ ಹೇಳಿದೆನೆಂದು ತಿಳಿಯಬೇಡಿ. ಉಪ್ಪಿಟ್ಟಿನ ಗೋಡಂಬಿಯನ್ನೆಲ್ಲ ಆತ ನನ್ನ ಕಡೆ ಸರಿಸಿದ್ದ.) ಹೇಳಿದೆ. ಎರಡು ಸಹಿ ಬಿದ್ದವು.

ಸೋಮವಾರ ಗೈಡ್ ಹೆಡ್‌ಫೋನ್ ಹಾಕಿಕೊಂಡು, ಭಾನುವಾರದ ತುಣುಕನ್ನೂ ಬಿಡದೆ, ಕೊನೆಯವರೆಗೂ ಕೇಳಿದರು. "ಒಳ್ಳೆಯ ಡೇಟಾ" ಎಂದು ಸಹಿ ಹಾಕಿ, "ಮದುವೆ ಯಾವಾಗ?" ಎಂದರು.

ಶಂಕ್ರವ್ವನಿಗೆ ಗೊತ್ತು, ಮಾಬೂಬಿಗೆ ಗೊತ್ತು, ಗೈಡ್‌ಗೆ ಗೊತ್ತು, ಈಗ ನಿಮಗೂ ಗೊತ್ತು. ಇನ್ನು ಆ ಮಾಸ್ತರರಿಗೆ ಯಾರು ಹೇಳಬೇಕು?