ಹೊಟ್ಟೆಗೆ ಹಿಡಿದ ಗ್ರಹಣ

ಆಪರೇಷನ್ ಚೆನ್ನಾಗಿ ಆದರೆ ಜನ ಸರ್ಜನ್‌ಗೆ ಕೈಮುಗಿಯುತ್ತಾರೆ. ಮಾವಿನ ಕಾಲದಲ್ಲಿ ಅವರ ಮನೆಗೆ ಬುಟ್ಟಿಗಟ್ಟಲೆ ಕರಿ ಇಶಾಡ ಹಣ್ಣು ಹೋಗುತ್ತದೆ. ಅಷ್ಟೂ ಹೊತ್ತು ರೋಗಿಯ ತಲೆಯ ಹತ್ತಿರ ಕೂತು ಒಂದೊಂದು ಉಸಿರನ್ನೂ ಕಾಯ್ದವಳಿಗೆ ಒಂದು ಗೊರಟೆಯೂ ಸಿಗುವುದಿಲ್ಲ. ಅನ್ಯಾಯವೇ ಸರಿ. ಆದರೆ ಜನರನ್ನು ದೂರಿ ಏನು ಮಾಡೋಣ, ಅವಳು ಕೆಲಸ ಮಾಡುವ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ.

ವಿನುತಾ ಅಂಥ ಅರಿವಳಿಕೆ ಡಾಕ್ಟರು. ಹುಟ್ಟಿ ಬೆಳೆದದ್ದು ಕದ್ರಾದ ಕಾಲನಿಯಲ್ಲಿ. ಅಪ್ಪ ಅಲ್ಲಿನ ಪವರ್ ಹೌಸಿನ ನೌಕರ. ಈಗ ಮನೆ ಕಾರವಾರದ ಹಬ್ಬುವಾಡದಲ್ಲಿ, ಕೆಲಸ ಕಾರವಾರ ಅಂಕೋಲೆಗಳ ನಾಲ್ಕಾರು ಆಸ್ಪತ್ರೆಗಳಲ್ಲಿ. ಮದುವೆಮನೆಯಲ್ಲಿ ಯಾರಾದರೂ "ನೀವು ಎಂತಾ ಡಾಕ್ಟ್ರು?" ಎಂದು ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ, "ಹಂಗಾರೆ ಒಂದು ಇಂಜೆಕ್ಷನ್ ಚುಚ್ಚೂದು, ಹೋಗೂದು. ಆರಾಮ್ ಕೆಲಸ" ಎಂದು ಅವರೇ ತೀರ್ಪು ಕೊಡುತ್ತಾರೆ. ಪಕ್ಕದಲ್ಲಿ ಕೂತವರಿಗೆ ಮೈ ಉರಿಯಬೇಕು. ವಿನುತಾ ನಕ್ಕು ಹೋಳಿಗೆ ಹಾಕಿಸಿಕೊಳ್ಳುತ್ತಾಳೆ.

ಓದುವುದು ಮಾತ್ರ ಅವಳು ಬಿಟ್ಟಿಲ್ಲ. ಒಲೆಯ ಮೇಲೆ ಅನ್ನ ಇಟ್ಟು, ಫೋನಿನಲ್ಲಿ ತನ್ನ ವಿದ್ಯೆಯ ಹೊಸ ಸಂಶೋಧನೆಗಳನ್ನು ಓದುತ್ತಾ ನಿಂತರೆ ಅನ್ನ ಎಷ್ಟೋ ಸಲ ತಳ ಹಿಡಿದಿದೆ. ಹಾಗೆ ಓದಿದ್ದರಿಂದಲೇ ಅವಳು ಎರಡು ಪದ್ಧತಿ ಬದಲಿಸಿದಳು. ಆಪರೇಷನ್ನಿನ ಹಿಂದಿನ ರಾತ್ರಿಯಿಂದಲೇ ನೀರನ್ನೂ ನಿಲ್ಲಿಸಿ ಮುದುಕರನ್ನು ಒಣಗಿಸುವುದು ಬೇಡ, ಎರಡು ತಾಸು ಮೊದಲಿನವರೆಗೆ ಬರೀ ನೀರು ಕುಡಿದರೆ ಕೆಡುಕಿಲ್ಲ ಎಂಬುದು ಒಂದು. ಇನ್ನೊಂದು, ಸಕ್ಕರೆ ಕಾಯಿಲೆಯವರ ಹೊಟ್ಟೆ ಬೇಗ ಖಾಲಿಯಾಗದೇ ಇರಬಹುದು, ಆದ್ದರಿಂದ ಗಡಿಯಾರವನ್ನು ನಂಬಿ ಕೂರದೆ ಸ್ಕ್ಯಾನ್ ಮಾಡಿ ನೋಡಬೇಕು ಎಂಬುದು. ಹೊಟ್ಟೆಯಲ್ಲಿ ತಿಂದದ್ದು ಉಳಿದಿದ್ದಾಗ ಎಚ್ಚರ ತಪ್ಪಿಸಿದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇಳಿದರೆ ಜೀವಕ್ಕೇ ಕುತ್ತು.

ಅವರ್ಸೆಯ ಕಾಮಜ್ಜಿಗೆ ಇದ್ದದ್ದು ಸಕ್ಕರೆ ಕಾಯಿಲೆ, ಜೊತೆಗೆ ಪಿತ್ತಕೋಶದಲ್ಲಿ ಕಲ್ಲು. ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿ ಎಂದರೆ ಈಗಲೂ ಸೊಸೆ ಭಾರತಿಗಿಂತ ಮುಂದೆ ಹೋಗುವ ಹೆಂಗಸು. ಆದರೆ ಹಿಂದಿನ ತಿಂಗಳು ನೋವು, ಜ್ವರ ಎರಡೂ ಸೇರಿ ಹಾಸಿಗೆ ಹಿಡಿಸಿಬಿಟ್ಟಿದ್ದವು. ಇನ್ನೊಮ್ಮೆ ಹೀಗಾದರೆ ಪಿತ್ತಕೋಶ ಒಡೆಯಬಹುದು, ಆಗ ಉಳಿಸುವುದು ಕಷ್ಟ ಎಂದು ಸರ್ಜನ್ ಸಂದೀಪ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಅಂಕೋಲೆಯ ಆಸ್ಪತ್ರೆಯಲ್ಲಿ ಆಪರೇಷನ್ನಿನ ಹಿಂದಿನ ದಿನ ಪರೀಕ್ಷೆ ಮಾಡಿ ವಿನುತಾ ಹೇಳಿದಳು: "ಅಜ್ಜಿ, ನಾಳೆ ಬೆಳಿಗ್ಗೆ ಉಪವಾಸ ಬರಬೇಕು."

"ಉಪಾಸ ಅಂದ್ರೆ ನಂಗೆ ಹೊಸ್ತಾ? ಪ್ರತಿ ಸೋಮಾರ ಮಾಡ್ತೆ" ಎಂದಳು ಕಾಮಜ್ಜಿ.

ವಿನುತಾ ನಿಶ್ಚಿಂತಳಾದಳು. ಮಾರನೆಯ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಅಭ್ಯಾಸದಂತೆ ಅಜ್ಜಿಯ ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಕೆ ಇಟ್ಟು ಪರದೆ ನೋಡಿದರೆ, ಚಪ್ಪಟೆಯಾಗಿ ಕಾಣಬೇಕಾದ ಹೊಟ್ಟೆ ಉಬ್ಬಿ ತುಂಬಿತ್ತು.

"ಅಜ್ಜಿ, ಏನಾದ್ರೂ ತಿಂದ್ರಾ?"

"ಇಲ್ಲಪ್ಪ. ಅನ್ನದ ಅಗಳು ಬಾಯಿಗೆ ಹೋಗ್ಲಿಲ್ಲ. ಕಡಕ್ ಉಪಾಸ."

"ಮತ್ತೆ ಹೊಟ್ಟೆಲಿ ಎಂತಾ ಅದೆ?"

"ಅದಾ? ಫಳಾರ ಮಾಡ್ದೆ. ಮೊಸರವಲಕ್ಕಿ, ಬಾಳೆಹಣ್ಣು. ಉಪಾಸದ ದಿನ ಮತ್ತೆಂತಾ ತಿಂಬೂದು?"

ವಿನುತಾಳಿಗೆ ನಗು ಬರಲಿಲ್ಲ. ಇವತ್ತು ಆಗದು ಎಂದಳು. ಸಂದೀಪ ಅವಳ ಜೊತೆ ಬಹಳ ಕಾಲದಿಂದ ಕೆಲಸ ಮಾಡಿದವರು. "ನೀವು ಬೇಡ ಅಂದ್ರೆ ಬೇಡ" ಎಂದು ಗ್ಲೌಸ್ ಕಳಚಿದರು. ಅಜ್ಜಿಯನ್ನು ವಾರ್ಡಿಗೆ ಮರಳಿ ಕರೆತಂದಾಗ ಸುಮ್ಮನಿರದವನು ಅವಳ ಮಗ ಗಣೇಶ. ಕೂಲಿ ಬಿಟ್ಟು ಬಂದಿದ್ದ, ತಲೆ ಕೆಟ್ಟಿತ್ತು. "ಡಾಕ್ಟ್ರು ಅಷ್ಟ್ ಹೇಳಿರೂ ತಿಂದ್ಕಂಡ್ ಬಂದ್ಯಲೆ ಅವ್ವಾ! ಮತ್ತೆ ತಿನ್ಲಿಲ್ಲ ಅಂತ ಸುಳ್ ಬೇರೆ!" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದ.

ಕಾಮಜ್ಜಿ ಮಂಚದಿಂದ ಇಳಿದು ತುರುಬು ಕಟ್ಟಿದಳು. "ಕಲ್ಲು ಹೊಟ್ಟೆಲೇ ಇರ್ಲಿ. ದೇವ್ರಿಗೆ ಹೇಳ್ಕಂಡು ಉಪಾಸ ಮಾಡ್ದೋಳು ನಾ. ಸುಳ್ಳಿ ಅನ್ನಿಸ್ಕಂಡು ಇಲ್ಲಿ ಮಲಗೂದಿಲ್ಲ. ನಡಿ ಮನೆಗೆ."

ಈಗ ಹೋದರೆ ಈ ಅಜ್ಜಿ ಮತ್ತೆ ಬರುವುದಿಲ್ಲ ಎಂಬುದು ವಿನುತಾಳಿಗೆ ಗೊತ್ತಿತ್ತು. ಹೀಗೆ ಮುನಿಸಿಕೊಂಡು ಹೋದವರನ್ನು ಕಡೆಗೆ ಹೊತ್ತುಕೊಂಡು ತಂದದ್ದನ್ನು ಅವಳು ನೋಡಿದ್ದಳು. ಒಂದು ಸ್ಟೂಲು ಎಳೆದುಕೊಂಡು ಅಜ್ಜಿಯ ಎದುರೇ ಕೂತಳು.

"ಗಣೇಶ, ಅಮ್ಮ ಸುಳ್ಳು ಹೇಳಲಿಲ್ಲ. ತಪ್ಪು ನನ್ನದು. ಉಪವಾಸ ಅಂದೋಳು ನಾನು. ಅಜ್ಜಿ, ನಮ್ಮನೆಲೂ ಶನಿವಾರ ಅಮ್ಮನ ಉಪವಾಸ. ಸಾಬೂದಾಣಿ ಖಿಚಡಿ ಮಾಡ್ತಿದ್ಲು. ಅದಕ್ಕೆ ನಾವು ಮಕ್ಕಳು ಶನಿವಾರ ಯಾವಾಗ ಬರ್ತದೆ ಅಂತ ಕಾಯ್ತಿದ್ವು. ಅಷ್ಟು ತಿಂದೋಳಿಗೆ ನಿನ್ನೆ ನೆನಪಾಗಲಿಲ್ಲ ನೋಡಿ."

ಅಜ್ಜಿಯ ಬಿಗಿದ ಮುಖ ಒಂಚೂರು ಸಡಿಲವಾಯಿತು. "ಹಂಗಾರೆ ನಿಮಗೆ ಬೇಕಾದ್ದು ಎಂತಾ?"

"ಏನೂ ತಿನ್ನಬಾರದು. ಫಳಾರ ಇಲ್ಲ, ಹಾಲಿಲ್ಲ. ಬರೀ ನೀರು ಆಗ್ತದೆ, ಅದೂ ಎರಡು ತಾಸು ಮೊದಲೇ ಬಂದ್."

ಕಾಮಜ್ಜಿ ಹಣೆ ಚಚ್ಚಿಕೊಂಡಳು. "ಅದ್ಕೆ ಉಪಾಸ ಅಂಬೂದಲ್ದ್ರಾ, ಗ್ರಹಣ ಅಂಬೂದು! ಹಿಡೂಕೆ ಎಷ್ಟೋ ಮುಂಚೆನೇ ಬಾಯಿ ಮುಚ್ಚೂದು. ಮುದುಕ್ರಿಗೆ ನೀರು ಅಡ್ಡಿಲ್ಲ. ಹಂಗೇ ಹೇಳಿದ್ರೆ ನಾ ಅವಲಕ್ಕಿ ಡಬ್ಬಿನೇ ಮುಟ್ತಿರ್ಲಿಲ್ಲ."

"ಹಾಗಾದ್ರೆ ನಾಳೆ ನಿಮ್ಮ ಹೊಟ್ಟೆಗೆ ಗ್ರಹಣ ಅಜ್ಜಿ. ಇರ್ತೀರಾ?"

"ಗ್ರಹಣ ಬಿಟ್ಟು ಓಡಿ ಹೋಗೂಕೆ ಆಗ್ತದ್ಯಾ?" ಎಂದು ಅಜ್ಜಿ ತುರುಬು ಬಿಚ್ಚಿ ಮಲಗಿದಳು.

ಮಾರನೆಯ ಬೆಳಿಗ್ಗೆ ಪರದೆಯಲ್ಲಿ ಹೊಟ್ಟೆ ಖಾಲಿ ಚೀಲ. ವಿನುತಾ ಅಜ್ಜಿಯ ಕೈ ಹಿಡಿದುಕೊಂಡೇ ನಿದ್ದೆ ಬರಿಸಿದಳು. ನಡುವೆ ಒಮ್ಮೆ ರಕ್ತದೊತ್ತಡ ಇಳಿಯಿತು. ಯಂತ್ರ ಕೂಗುವ ಮೊದಲೇ ಅವಳ ಕೈ ಔಷಧದ ಮೇಲಿತ್ತು. ಸಂದೀಪ ತಲೆ ಎತ್ತಿ ನೋಡಲೂ ಇಲ್ಲ; ಅಷ್ಟು ನಂಬಿಕೆ. ಅಜ್ಜಿಯನ್ನು ಎಚ್ಚರಿಸಿ ವಾರ್ಡಿಗೆ ಕಳಿಸಿದಳು. ಅದಾದ ಮೇಲೆ ಬೇರೆ ಆಪರೇಷನ್‌ಗಳಿದ್ದವು, ಒಂದಕ್ಕೊಂದು ಅಂಟಿಕೊಂಡೇ ಬಂದವು.

ಸಂಜೆ ಮುಂದೆ ಅವಳು ಕಾರವಾರಕ್ಕೆ ಹೊರಟಾಗ ಭಾರತಿ ಓಡಿ ಬಂದಳು. "ಡಾಕ್ಟ್ರೇ, ಗಂಜಿ ಕೊಡಿ ಅಂದ್ರು ಸಿಸ್ಟರು. ಅತ್ತೆ ತುಟಿನೇ ಬಿಚ್ಚೂದಿಲ್ಲ."

ಬೇಗ ಬಾಯಿಗೆ ಏನಾದರೂ ಹೋದರೆ ಚೇತರಿಕೆಯೂ ಬೇಗ. ಇಷ್ಟಾದ ಮೇಲೆ ಈ ಹಟ ಯಾಕೆ? ವಿನುತಾ ವಾರ್ಡಿಗೆ ಹೋಗಿ, "ಅಜ್ಜಿ, ಗ್ರಹಣ ಬಿಟ್ಟಾಯ್ತು. ಉಣ್ಣಿ" ಎಂದಳು.

"ಬಿಟ್ಟಾಯ್ತು. ಮಿಂದಾಗ್ಲಿಲ್ವಲ್ಲ!" ಕಾಮಜ್ಜಿಯ ದನಿ ಬತ್ತಿತ್ತು, ಹಟ ಬತ್ತಿರಲಿಲ್ಲ. "ಗ್ರಹಣ ಬಿಟ್ಟ ಮೇಲೆ ಮೀಯದೆ ಉಂಬೂದುಂಟಾ?"

ಗ್ರಹಣ ಎಂದು ಒಪ್ಪಿಕೊಂಡ ಮೇಲೆ ಮೀಯುವುದನ್ನೂ ಒಪ್ಪಬೇಕಾಯಿತು. ಗಾಯಕ್ಕೆ ನೀರು ಬೀಳುವಂತಿಲ್ಲ. ವಿನುತಾ ಬ್ಯಾಗು ಕೆಳಗಿಟ್ಟು, ಬಿಸಿನೀರು ತರಿಸಿ, ಟವೆಲು ಅದ್ದಿ ಹಿಂಡಿ, ಅಜ್ಜಿಯ ಮುಖ, ಕುತ್ತಿಗೆ, ಕೈ, ಕೊನೆಗೆ ನೆಟ್ಟಿ ನೆಟ್ಟು ಒಡೆದ ಕಾಲು, ಒಂದೊಂದನ್ನೇ ಒರೆಸಿದಳು. ಭಾರತಿ "ನಾ ಮಾಡ್ತೆ, ಬಿಡಿ" ಎಂದರೂ ಬಿಡಲಿಲ್ಲ.

"ಮಿಂದಾಯ್ತಾ ಅಜ್ಜಿ?"

"ನಂದಾಯ್ತು." ಕಾಮಜ್ಜಿ ಅವಳ ಮುಖವನ್ನೇ ನೋಡಿದಳು. "ನೀ ಎಂತಾ ಉಂಡೆ, ತಂಗೀ?"

ಬೆಳಿಗ್ಗೆಯಿಂದ ಒಂದು ಲೋಟ ಚಾ ಬಿಟ್ಟರೆ ಏನೂ ಇಲ್ಲ ಎಂಬುದು ವಿನುತಾಳಿಗೆ ಆಗ ಹೊಳೆಯಿತು. ಅವಳು ಟವೆಲನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಂಡಿದಳು.

"ಗ್ರಹಣ ಒಬ್ರಿಗೇ ಹಿಡೂದಿಲ್ಲ. ಮನೆಗೆಲ್ಲಾ ಹಿಡೀತದೆ" ಎಂದು ಕಾಮಜ್ಜಿ ಟವೆಲು ಕಸಿದುಕೊಂಡಳು. ಡಾಕ್ಟರಮ್ಮನನ್ನು ಹತ್ತಿರ ಬಗ್ಗಿಸಿ ಹಣೆ ಒರೆಸಿದಳು, ಕೆನ್ನೆ ಒರೆಸಿದಳು. ಆಮೇಲೆ ಸೊಸೆಗೆ ಹೇಳಿದಳು: "ಭಾರತೀ, ಗಂಜಿ ಇಬ್ರಿಗೂ ಹಾಕು."