ಮಿಲ್ಲಿನ ಮುಂದಿನ ಫೋಟೊ

ಚಿಕ್ಕಮಾದು ಗಾರೆ ಕೆಲಸದವನು. ಹರವೆ ಕಡೆಯ ಒಂದು ಊರು. ಹೆಸರು ಹೇಳಲಾರೆ, ಅಲ್ಲಿಗೆ ನಾನು ಇನ್ನೂ ಮದುವೆ ಫೋಟೊ ತೆಗೆಯಲು ಹೋಗಬೇಕು. ನಾನು ಜುಬೇರ್, ಚಾಮರಾಜನಗರದಲ್ಲಿ ಅಪ್ಪನ ಕಾಲದ ಸ್ಟುಡಿಯೊ ನಡೆಸುತ್ತೇನೆ.

ಹದಿನೈದು ವರ್ಷ ಊರವರ ಮನೆ ಕಟ್ಟಿ ಚಿಕ್ಕಮಾದು ಒಂದು ಹಳೆಯ ಲಗೇಜ್ ಆಟೊ ಕೊಂಡ. ಟೊಮೆಟೊ ತುಂಬಿಕೊಂಡು ಗುಂಡ್ಲುಪೇಟೆ ಮಾರುಕಟ್ಟೆಗೆ ಹೋಗಬೇಕು, ಇನ್ನು ಯಾರ ಮನೆ ಮುಂದೆಯೂ ಕೂಲಿಗೆ ನಿಲ್ಲಬಾರದು ಎಂಬುದು ಅವನ ಆಸೆ. ತೊಡಕು ಒಂದೇ, ಊರಾಚೆಯ ಅವನ ಕಾಲೋನಿಗೆ ರಸ್ತೆಯಿರಲಿಲ್ಲ. ಮಳೆ ಬಂದರೆ ಆಟೊ ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು.

ಕಡೆಗೂ ಕಾಲೋನಿಯ ಹೆಸರಿನಲ್ಲಿ ಕಾಂಕ್ರೀಟ್ ರಸ್ತೆ ಮಂಜೂರಾಯಿತು. ಗುತ್ತಿಗೆದಾರ ಸಾಗರ್ ಅದನ್ನು ಹಾಕಿಸಿದ್ದು ಮಾತ್ರ ಮೇಲಿನ ಬೀದಿಯಲ್ಲಿ, ಗಂಗಾಧರಸ್ವಾಮಿಯವರ ಅರಿಸಿನದ ಮಿಲ್ಲಿನ ಬಾಗಿಲವರೆಗೆ. ಕಾಂಕ್ರೀಟ್ ಕಲಸಿ ಹಾಕಿದವರಲ್ಲಿ ಚಿಕ್ಕಮಾದುವೂ ಒಬ್ಬ. "ಮೊದ್ಲು ಇದಾಗ್ಲಿ, ಮುಂದಿನ್ ವಾರ ನಿಮ್ದು" ಎಂದು ಸಾಗರ್ ಹೇಳಿದ್ದನ್ನು ನಂಬಿದ. ನಂಬದೆ ಏನು ಮಾಡಿಯಾನು? ಕೂಲಿ ಕೊಡುವವನೂ ಅವನೇ.

ಕೆಲಸ ಮುಗಿದ ದಿನ, ಕಚೇರಿಯ ಕಡತಕ್ಕೆ ಫೋಟೊ ಬೇಕೆಂದು ನನ್ನನ್ನು ಕರೆಸಿದರು. ಹೊಸ ರಸ್ತೆಯ ಮೇಲೆ 'ಕಾಲೋನಿ ರಸ್ತೆ' ಎಂಬ ಬೋರ್ಡು ನಿಲ್ಲಿಸಿ, ಪಕ್ಕದಲ್ಲಿ ಚಿಕ್ಕಮಾದುವನ್ನೂ ಅವನ ಹೆಂಡತಿ ಚಿಕ್ಕಮಾದಮ್ಮನನ್ನೂ ನಿಲ್ಲಿಸಿದರು. ಹಿಂದಿನ ಗೋಡೆಯ ಮೇಲೆ ಮಿಲ್ಲಿನ ಹೆಸರು ದೊಡ್ಡದಾಗಿ ಕಾಣುತ್ತಿತ್ತು. ಚಿಕ್ಕಮಾದು ಮುಖ ಬಿಗಿದುಕೊಂಡಿದ್ದ. ಹಾಳು ಬಾಯಿ ನನ್ನದು, "ಸ್ವಲ್ಪ ನಗಪ್ಪಾ ಮಾದು, ನಿಮ್ದೂ ಬತ್ತದಲ್ಲ ಮುಂದಿನ್ ವಾರ" ಅಂದೆ. ನಕ್ಕ. ಎಷ್ಟು ಚೆನ್ನಾಗಿ ನಕ್ಕ!

ಸಂಜೆ ಸಾಗರ್ ಸ್ಟುಡಿಯೊಗೆ ಬಂದು, "ಆ ಗೋಡೆ ಕಟ್ ಮಾಡ್ಬುಡಿ ಬಾಯ್, ಬೋರ್ಡು, ಜನ ಕಂಡ್ರೆ ಸಾಕು" ಅಂದ. ಕಟ್ ಮಾಡಿ ಕೊಟ್ಟೆ. ಯಾಕೆಂದು ಕೇಳಲಿಲ್ಲ, ಗೊತ್ತಿತ್ತು.

ಮುಂದಿನ ವಾರ ಬರಲೇ ಇಲ್ಲ, ಮಳೆಗಾಲ ಬಂತು. ಕೆಸರಿಗೆ ಹೆದರಿ ಚಿಕ್ಕಮಾದು ಆಟೊವನ್ನು ಮಿಲ್ಲಿನ ಮುಂದೆ ನಿಲ್ಲಿಸಿದ. "ಇಲ್ಲೆಲ್ಲ ನಿಲ್ಲಿಸ್ಬ್ಯಾಡ ಕಣ್ಲಾ, ನಿಮ್ ಬೀದಿಗೆ ತಗಂಡೋಗು" ಎಂದರು ಗಂಗಾಧರಸ್ವಾಮಿ. ಅವನ ಕಾಲೋನಿಯ ದುಡ್ಡಿನಲ್ಲಾದ ರಸ್ತೆ, ಅವನ ಆಟೊಗೆ ಮಾತ್ರ ಅಲ್ಲಿ ಜಾಗವಿಲ್ಲ.

ಅರ್ಜಿ ಬರೆಸಿಕೊಂಡು ಚಾಮರಾಜನಗರದ ಕಚೇರಿಯೊಂದಕ್ಕೆ ಹೋದ. ಅಧಿಕಾರಿ ಕಡತ ತೆರೆದು ನನ್ನ ಫೋಟೊವನ್ನೇ ತೋರಿಸಿದರಂತೆ. "ಇದು ನೀನೇ ತಾನೆ?"

"ನಾನೇ ಸಾ."

"ನಗ್ತಾ ನಿಂತಿದ್ದೀಯ. ಇನ್ನೆಷ್ಟು ರಸ್ತೆ ಬೇಕು ನಿಮಗೆ?"

ಅಲ್ಲಿಂದ ನೇರ ಸ್ಟುಡಿಯೊಗೆ ಬಂದ. ಅರ್ಜಿ ಕೈಯಲ್ಲೇ ಇತ್ತು.

"ಜುಬೇರಣ್ಣ, ನೀ ತೆಗ್ದಾಗ ಮಿಲ್ಲಿನ್ ಹೆಸ್ರು ಕಾಣ್ತಿತ್ತಲ್ವ? ಪೂರ್ತಿ ಇರದು ಒಂದ್ ಕಾಪಿ ಕೊಟ್ಬುಡಣ್ಣ. ಅದ್ನ ತೋರ್ಸುದ್ರೆ ಸಾಕು, ರಸ್ತೆ ಎಲ್ಲಾಗದೆ ಅಂತ ಗೊತ್ತಾಯ್ತದೆ."

ಆ ಫೋಟೊ ನನ್ನ ಕಂಪ್ಯೂಟರಿನಲ್ಲೇ ಇತ್ತು. ಆದರೆ ಸಾಗರನ ತಂಗಿಯ ಮದುವೆ ಆಲ್ಬಂ ನನಗೆ ಒಪ್ಪಿಸಿದ್ದರು. ಆ ಸುತ್ತಿನ ಮದುವೆಗಳೆಲ್ಲ ನನಗೆ ಬರುವುದು ಮಿಲ್ಲಿನ ಮನೆಯವರ ಮಾತಿನಿಂದ. ಸಾಬರ ಸ್ಟುಡಿಯೊ ಬೇಡ ಎಂದು ಅವರು ಒಂದು ಸಲ ಅಂದರೆ ನನ್ನ ಕಥೆ ಮುಗಿಯಿತು.

"ಅದು ಡಿಲೀಟ್ ಆಗೋಯ್ತಲ್ಲಪ್ಪ" ಅಂದೆ.

"ಓಗ್ಲಿ ಬುಡಣ್ಣ, ನೀನೇನ್ ಮಾಡೀಯೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಬೈದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ಆಟೊ ಮಾರಿದ್ದಾನೆ. ರಸ್ತೆಯಾದ ಮೇಲೆ ಮಿಲ್ಲಿಗೆ ಲಾರಿಗಳು ಬರುತ್ತಿವೆ. ಗಂಗಾಧರಸ್ವಾಮಿಯವರು ಹೊಸ ಗೋದಾಮು ಕಟ್ಟಿಸುತ್ತಿದ್ದಾರೆ, ಅಲ್ಲೇ ಅವನಿಗೆ ಗಾರೆ ಕೆಲಸ. ಮೊನ್ನೆ ಆ ಕಟ್ಟಡದ ಫೋಟೊಗೆ ನನ್ನನ್ನು ಕರೆದಿದ್ದರು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಚಿಕ್ಕಮಾದು ಕರಣೆ ಕೆಳಗಿಟ್ಟು, ಯಾರೂ ಹೇಳದೆಯೇ, ಫೋಟೊಗೆ ಸಿಗದಂತೆ ಪಕ್ಕಕ್ಕೆ ಸರಿದು ನಿಂತ.