ಕೀಲಿ ಹಾಕಿದ ಕಥೆ ಪುಸ್ತಕ

ಇವತ್ತು ತಪಾಸಣೆಗೆ ಬಂದ ಸಾಹೇಬರಿಗಾಗಿ ನಮ್ಮ ಶಾಲೆಯ ಕಪಾಟು ತೆರೆದೆ. ನುಸಿಗೆಂದಿಟ್ಟ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನಲ್ಲಿ ಕಲಿತ ಅಲಖನೂರು ಶಾಲೆಯ ಐದನೇ ಇಯತ್ತೆಗೆ ಮನಸ್ಸಿನಲ್ಲೇ ಹೋಗಿ ಕುಳಿತುಬಿಟ್ಟೆ.

ಅಲ್ಲಿನ ಹೆಡ್ ಮಾಸ್ತರು ಕಥೆ ಪುಸ್ತಕಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. "ಒಂದ್ ಹಾಳಿ ಹರದ್ರೂ ಸಾಹೇಬ್ರಿಗೆ ಯಾರ್ ಉತ್ತರಾ ಕೊಡಾವ್ರು?" ಎನ್ನುತ್ತಿದ್ದರು. ನಮಗೆ ಗಾಜಿನಾಚೆಯ ಮುಖಪುಟಗಳಷ್ಟೇ ಗತಿ. ಅದರಲ್ಲೊಂದರ ಮೇಲೆ ಹುಡುಗಿಯೊಬ್ಬಳು ಅಪ್ಪನ ಅಂಗಿ ತೊಟ್ಟು, ಬರಿಗಾಲಲ್ಲಿ, ಎಮ್ಮೆಗೆ ಕಬ್ಬಿನ ಸೋಗೆ ಹೊತ್ತು ನಡೆದಿದ್ದಳು. ನಮ್ಮಂಥವರೂ ಪುಸ್ತಕದಲ್ಲಿರಬಹುದೆಂದು ನನಗೆ ತಿಳಿದದ್ದೇ ಅವಳಿಂದ.

ಆ ಕಥೆ ಬರೆದು, ಚಿತ್ರವನ್ನೂ ತೆಗೆದಿದ್ದ ಅಕ್ಕೋರು ಒಮ್ಮೆ ಅಥಣಿಯಿಂದ ಶಾಲೆಗೆ ಬಂದರು. ಮಾಸ್ತರು ಹೆಮ್ಮೆಯಿಂದ ಕಪಾಟು ತೆರೆದರು.

"ನೋಡ್ರಿ ಅಕ್ಕೋರ, ನಿಮ್ಮ ಪುಸ್ತಕ ತಂದಾಗ ಹೆಂಗಿತ್ತೋ ಹಂಗ ಐತ್ರಿ."

ಅಕ್ಕೋರ ಮುಖ ಸಣ್ಣದಾಯಿತು. "ಅಂದ್ರ ಯಾರೂ ಓದೇ ಇಲ್ಲೇನ್ರಿ? ಹರದಿದ್ರ ನನಗ ಖುಷಿ ಆಗತಿತ್ತ್ರಿ."

ಪುಸ್ತಕವನ್ನು ತಾವೇ ತೆಗೆದು ಎದುರಿಗಿದ್ದ ನನ್ನ ಕೈಗಿಟ್ಟರು. "ಮನಿಗೆ ಒಯ್ಯವಾ. ರೊಟ್ಟಿ ತಿನ್ನೂವಾಗೂ ಓದು." ಮಾಸ್ತರು ತಡೆಯಲು ಕೈ ಚಾಚಿದರು, ಅಕ್ಕೋರ ಕಣ್ಣು ನೋಡಿ ಹಿಂದಕ್ಕೆಳೆದುಕೊಂಡರು.

ಈಗ ನಾನೂ ಶಾಲೆಯಲ್ಲಿ ಕಲಿಸುವ ಅಕ್ಕೋರು. ಇವತ್ತು ಸಾಹೇಬರು ಖಾಲಿ ಕಪಾಟಿನೊಳಗೆ ಇಣುಕಿ ಹುಬ್ಬೇರಿಸಿದರು.

"ಪುಸ್ತಕ ಎಲ್ಲಿ ಹೋಗ್ಯಾವ್ರಿ?"

"ಹುಡುಗರ ಮನ್ಯಾಗ ಅದಾವ್ರಿ."

"ಹರದ್ರ?"

"ಓದಿ ಹರದಾರಂತ ಬರಕೊಳ್ರಿ ಸಾಹೇಬ್ರ. ಕೆಳಗ ಸಹಿ ನಾ ಮಾಡ್ತೀನಿ."